ಹುತ್ತ, ಅಂತಃಪುರ, ಕೇರಿ: ಮೇಲುಕೋಟೆಯ ದೇವರು ಸಿಕ್ಕಿದ ಎಡೆಗಳು

ಮಂಡ್ಯ ಜಿಲ್ಲೆಯ ಪಾಂಡವಪುರ ತಾಲ್ಲೂಕಿನ ಮೇಲುಕೋಟೆ ಶ್ರೀವೈಷ್ಣವರ ನಾಲ್ಕು ಪ್ರಧಾನ ಕ್ಷೇತ್ರಗಳಲ್ಲಿ ಒಂದು. ಶ್ರೀರಂಗ, ತಿರುಮಲೆ, ಕಾಂಚಿಗಳ ಜೊತೆಗೆ ಎಣಿಸುವ ಈ ಬೆಟ್ಟದೂರಿಗೆ ಯದುಗಿರಿ, ಯಾದವಾದ್ರಿ, ತಿರುನಾರಾಯಣಪುರ ಎಂಬ ಹೆಸರುಗಳೂ ಇವೆ. ಗರ್ಭಗುಡಿಯ ಮೂಲಮೂರ್ತಿ ತಿರುನಾರಾಯಣ. ಮೆರವಣಿಗೆಗೆ ಹೊರಡುವ ಉತ್ಸವಮೂರ್ತಿ ಚೆಲುವನಾರಾಯಣ. ಸುತ್ತಲಿನ ಹಳ್ಳಿಗಳ ಒಕ್ಕಲುಗಳಿಗೆ ಆತ ಚೆಲುವರಾಯಸ್ವಾಮಿ. ಮಂಡ್ಯ ಸೀಮೆಯಲ್ಲಿ ಚೆಲುವರಾಜು, ಚೆಲುವಯ್ಯ, ಚೆಲುವಮ್ಮ ಎಂಬ ಹೆಸರುಗಳು ಹೇರಳವಾಗಿರುವುದು ಈ ದೇವರಿಂದಲೇ.

ಈ ಕ್ಷೇತ್ರದ ಪರಂಪರೆಯಲ್ಲಿ ದೇವರು ಕಳೆದುಹೋಗುತ್ತಾನೆ, ಹುಡುಕಿದಾಗ ಯಾರೂ ಎಣಿಸದ ಜಾಗದಲ್ಲಿ ಸಿಗುತ್ತಾನೆ. ಮೂಲಮೂರ್ತಿ ಸಿಕ್ಕಿದ್ದು ಕಾಡಿನ ಹುತ್ತದಲ್ಲಿ. ಉತ್ಸವಮೂರ್ತಿ ಸಿಕ್ಕಿದ್ದು ದೆಹಲಿಯ ಸುಲ್ತಾನನ ಅಂತಃಪುರದಲ್ಲಿ. ಅದನ್ನು ಸುರಕ್ಷಿತವಾಗಿ ಬೆಟ್ಟ ಮುಟ್ಟಿಸಿದವರು ಊರಾಚೆಯ ಕೇರಿಯ ಜನ. ಈ ಮೂರು ಪ್ರಸಂಗಗಳಲ್ಲಿ ಐತಿಹ್ಯ ಎಷ್ಟು, ಇತಿಹಾಸ ಎಷ್ಟು ಎಂಬುದು ಒಂದು ಪ್ರಶ್ನೆ. ಮೂರೂ ದೇವಾಲಯದ ಆಚರಣೆಯಲ್ಲಿ ಗುರುತು ಉಳಿಸಿವೆ ಎಂಬುದು ಮಾತ್ರ ನಿಶ್ಚಿತ.

ರಾಮಾನುಜರ ಬರವು

ಮೂರೂ ಪ್ರಸಂಗಗಳ ಕೇಂದ್ರದಲ್ಲಿರುವವರು ರಾಮಾನುಜಾಚಾರ್ಯರು. ಸಂಪ್ರದಾಯದ ಪ್ರಕಾರ ಅವರ ಕಾಲ 1017ರಿಂದ 1137. ಪವಿತ್ರತೆಯನ್ನು ಕುಲದ ಆಚೆಗೆ ಕಂಡ ಹಲವು ಪ್ರಸಂಗಗಳು ಅವರ ಚರಿತ್ರೆಯಲ್ಲಿವೆ. ಕಾಂಚಿಯ ಬ್ರಾಹ್ಮಣೇತರ ಭಕ್ತ ತಿರುಕ್ಕಚ್ಚಿನಂಬಿಯನ್ನು ಅವರು ಗುರುವಿನಂತೆ ಕಂಡರು. ಮಲ್ಲನಾಗಿದ್ದ ಉರಂಗಾವಿಲ್ಲಿದಾಸ ಅವರ ಆಪ್ತ ಶಿಷ್ಯನಾದ. ಗುಟ್ಟಾಗಿಡಬೇಕೆಂದು ಗುರು ಉಪದೇಶಿಸಿದ ಮಂತ್ರವನ್ನು ತಿರುಕ್ಕೋಷ್ಟಿಯೂರಿನ ಗೋಪುರ ಹತ್ತಿ ನೆರೆದವರಿಗೆಲ್ಲ ಸಾರಿದರೆಂಬ ಕಥೆ ಎಲ್ಲಕ್ಕಿಂತ ಪ್ರಸಿದ್ಧ.

ಗುರುಪರಂಪರೆಯ ಗ್ರಂಥಗಳ ಪ್ರಕಾರ ಶೈವಾಭಿಮಾನಿ ಚೋಳ ಅರಸನೊಬ್ಬನ ಕಿರುಕುಳ ತಾಳದೆ ಅವರು ಶ್ರೀರಂಗ ಬಿಟ್ಟರು. ಬಿಳಿ ಬಟ್ಟೆ ಉಟ್ಟು, ವೇಷ ಮರೆಸಿಕೊಂಡು ಪಶ್ಚಿಮಕ್ಕೆ ನಡೆದರು. ನೀಲಗಿರಿಯ ತಪ್ಪಲಿನ ಕಾಡಿನಲ್ಲಿ ದಣಿದು ಹಸಿದ ಈ ಗುಂಪಿಗೆ ಜೇನು, ನವಣೆ ಕೊಟ್ಟು, ಬೆಂಕಿ ಹಾಕಿ ಚಳಿ ಕಳೆದವರು ಬೇಡರು. ಹೀಗೆ ರಾಮಾನುಜರ ಕನ್ನಡನಾಡಿನ ವಾಸ ಬೇಡರ ಆತಿಥ್ಯದಿಂದ ಮೊದಲಾಗುತ್ತದೆ. ಮುಂದೆ ಕಾವೇರಿ ತೀರದ ಮಿರ್ಲೆ, ಸಾಲಿಗ್ರಾಮಗಳನ್ನು ಹಾದು ಅವರು ತೊಂಡನೂರಿಗೆ, ಅಂದರೆ ಇಂದಿನ ಪಾಂಡವಪುರ ತಾಲ್ಲೂಕಿನ ಕೆರೆತೊಣ್ಣೂರಿಗೆ ಬಂದರು.

ಹೊಯ್ಸಳ ಬಿಟ್ಟಿದೇವ ರಾಮಾನುಜರನ್ನು ಕಂಡದ್ದು ತೊಣ್ಣೂರಿನಲ್ಲಿ. ರಾಜಕುಮಾರಿಗೆ ಹಿಡಿದ ಪಿಶಾಚಿಯನ್ನು ಅವರು ಬಿಡಿಸಿದ ಮೇಲೆ ಅರಸ ಜೈನಮತ ಬಿಟ್ಟು ವಿಷ್ಣುವರ್ಧನನಾದ ಎಂಬುದು ಜನಪ್ರಿಯ ಕಥೆ. ಇತಿಹಾಸಕಾರರು ಇದನ್ನು ಯಥಾವತ್ತಾಗಿ ಒಪ್ಪುವುದಿಲ್ಲ. ವಿಷ್ಣುವರ್ಧನನ ಪಟ್ಟದರಸಿ ಶಾಂತಲೆ ಕೊನೆಯವರೆಗೂ ಜೈನಳಾಗಿದ್ದಳು. 1117ರಲ್ಲಿ ಬೇಲೂರಿನ ವಿಜಯನಾರಾಯಣನನ್ನು ಪ್ರತಿಷ್ಠಾಪಿಸಿದ ಅರಸನೇ 1133ರಲ್ಲಿ ಹಳೇಬೀಡಿನ ಪಾರ್ಶ್ವನಾಥ ಬಸದಿಗೆ ದಾನ ಕೊಟ್ಟ. ತನ್ನ ಗೆಲುವಿನ ನೆನಪಿಗೆ ಆ ತೀರ್ಥಂಕರನಿಗೆ ವಿಜಯಪಾರ್ಶ್ವನಾಥನೆಂಬ ಹೆಸರಾಯಿತು. ಒಂದು ಮತವನ್ನು ತೊರೆದು ಇನ್ನೊಂದಕ್ಕೆ ಸೇರಿದ ಅರಸನ ನಡೆಗಿಂತ, ಎರಡಕ್ಕೂ ಆಶ್ರಯ ಕೊಟ್ಟ ಅರಸನ ನಡೆ ಶಾಸನಗಳಲ್ಲಿ ಕಾಣುತ್ತದೆ.

ಹುತ್ತದೊಳಗಿನ ಮೂರ್ತಿ

ತೊಣ್ಣೂರಿನಲ್ಲಿದ್ದಾಗ ರಾಮಾನುಜರ ಬಳಿ ಹಣೆಗಿಡುವ ತಿರುಮಣ್ಣು ತೀರಿತು. ನಾಮದ ಬಿಳಿಮಣ್ಣು ಸಿಗದೆ ಅವರು ಚಿಂತೆಯಲ್ಲಿದ್ದ ರಾತ್ರಿ ನಾರಾಯಣ ಕನಸಿನಲ್ಲಿ ಬಂದು, ತಾನು ಯದುಗಿರಿಯಲ್ಲಿರುವೆನೆಂದೂ ಅಲ್ಲಿಯೇ ಮಣ್ಣೂ ಸಿಗುವುದೆಂದೂ ತಿಳಿಸಿದ. ಮರುದಿನ ಅರಸನ ಆಳುಗಳು ಮುಂದಾಗಿ ಕಾಡು ಸವರುತ್ತ ದಾರಿ ಮಾಡಿದರು. ಬೆಟ್ಟದ ಮೇಲೆ ಕಲ್ಯಾಣಿಯ ಬಳಿ ಬಿಳಿಮಣ್ಣು ಸಿಕ್ಕಿತು. ತುಳಸಿ ಬೆಳೆದಿದ್ದ ಒಂದು ಹುತ್ತವನ್ನು ಹಾಲೆರೆದು ಕರಗಿಸಿದಾಗ ಒಳಗೆ ತಿರುನಾರಾಯಣನ ಮೂರ್ತಿ ಕಂಡಿತು. ರಾಮಾನುಜರು ಮೂರು ದಿನ ತಾವೇ ಪೂಜಿಸಿ, ಆಮೇಲೆ ಪಾಂಚರಾತ್ರ ಆಗಮದಂತೆ ನಿತ್ಯಪೂಜೆಯ ಕ್ರಮ ಗೊತ್ತುಮಾಡಿದರು. ಸಂಪ್ರದಾಯ ಈ ದಿನವನ್ನು ಬಹುಧಾನ್ಯ ಸಂವತ್ಸರದ ಪುಷ್ಯ ಮಾಸದ ಪುನರ್ವಸು ನಕ್ಷತ್ರವೆಂದು ನೆನೆಯುತ್ತದೆ. ಇದು ಸಾಮಾನ್ಯಶಕ 1099ಕ್ಕೆ ಹೊಂದುತ್ತದೆ.

ಕಾಲಗಣನೆಯಲ್ಲಿ ಒಂದು ತೊಡಕಿದೆ. ವಿಷ್ಣುವರ್ಧನ ಪಟ್ಟಕ್ಕೆ ಬಂದದ್ದು ಸುಮಾರು 1108ರಲ್ಲಿ. 1099ರಲ್ಲಿ ಆತ ಅರಸನಲ್ಲ. ಆಗಿನ್ನೂ ಯುವರಾಜನಾಗಿದ್ದಾಗ ನೆರವಾದನೆಂದು ಕೆಲವರು ಹೊಂದಿಸಿದರೆ, ಸಂಪ್ರದಾಯದ ವರ್ಷವನ್ನೇ ಕೆಲವರು ಮುಂದಕ್ಕೆ ತಳ್ಳುತ್ತಾರೆ. ಬಿ.ಆರ್. ಗೋಪಾಲ್ ಮೊದಲಾದ ಶಾಸನತಜ್ಞರು ರಾಮಾನುಜರ ಕರ್ನಾಟಕ ವಾಸದ ಪ್ರಶ್ನೆಯನ್ನು ಶಾಸನಗಳ ಆಧಾರದಿಂದಲೇ ಬಿಡಿಸಲು ಯತ್ನಿಸಿದ್ದಾರೆ.

ಹುತ್ತದಲ್ಲಿ ದೇವರು ಸಿಗುವ ಕಥೆ ಮೇಲುಕೋಟೆಗೆ ಮಾತ್ರ ಸೇರಿದ್ದಲ್ಲ. ತಿರುಪತಿಯ ಶ್ರೀನಿವಾಸನೂ ಹುತ್ತದಲ್ಲಿದ್ದ, ಹಸು ಬಂದು ಹಾಲು ಕರೆಯುತ್ತಿತ್ತು. ಕುಕ್ಕೆ ಸುಬ್ರಹ್ಮಣ್ಯದಲ್ಲಿ ಹುತ್ತದ ಮಣ್ಣೇ ಮೃತ್ತಿಕಾ ಪ್ರಸಾದ. ಹಳೆ ಮೈಸೂರು ಸೀಮೆಯಲ್ಲಿ ಹೊಲದ ಬದುವಿನ ಹುತ್ತಕ್ಕೆ ತನಿ ಎರೆಯುವುದು ಆಗಮ, ಅರ್ಚಕ, ಗೋಪುರ ಯಾವುದನ್ನೂ ಕೇಳದ ಪೂಜೆ. ಹೆಂಗಸರೇ ನಡೆಸುವ ಪೂಜೆ. ಮೇಲುಕೋಟೆಯ ಕಥೆಯಲ್ಲಿ ರಾಮಾನುಜರಂಥ ವೇದಾಂತಿ ಹುತ್ತಕ್ಕೆ ಹಾಲೆರೆಯುತ್ತಾರೆ. ಶಾಸ್ತ್ರದ ದೇವರಿಗೂ ಮಣ್ಣಿನ ದೇವರಿಗೂ ಇಲ್ಲಿ ನಂಟು ಕೂಡುತ್ತದೆ.

ಇಂಥ ಕಥೆಗಳ ಹಿಂದೆ ಕಾಡು ಕಡಿದು ಊರು ಕಟ್ಟಿದ ನೆನಪೂ ಇರಬಹುದು. ಶ್ರೀರಂಗಪಟ್ಟಣದ ಸ್ಥಳಕಥೆಯ ಪ್ರಕಾರ 894ರಲ್ಲಿ, ಗಂಗರ ಆಳ್ವಿಕೆಯಲ್ಲಿ, ಕಾಡು ಮುಸುಕಿದ ದ್ವೀಪದಲ್ಲಿ ರಂಗನಾಥನ ಗುಡಿ ಕಟ್ಟಿಸಿದವನು ತಿರುಮಲಯ್ಯ. ತೊಣ್ಣೂರಿನ ದೊಡ್ಡ ಕೆರೆಯನ್ನೂ ಜನ ರಾಮಾನುಜರ ಹೆಸರಿಗೆ ಜೋಡಿಸಿ ತಿರುಮಲಸಾಗರ ಎನ್ನುತ್ತಾರೆ. ಕಾಡಿನಲ್ಲಿ ದಾರಿ, ತಗ್ಗಿನಲ್ಲಿ ಕೆರೆ, ಗುಡ್ಡದ ಮೇಲೆ ಗುಡಿ ಒಂದರ ಹಿಂದೊಂದು ಎದ್ದ ಕಾಲ ಅದು.

ರಾಮಾನುಜರು ಈ ಸೀಮೆಯಲ್ಲಿ ಹನ್ನೆರಡು ವರ್ಷ ಇದ್ದರೆಂದು ಹೇಳುತ್ತಾರೆ. ಶ್ರೀರಂಗಕ್ಕೆ ಮರಳುವಾಗ ದೇವಾಲಯದ ಹೊಣೆಯನ್ನು ಐವತ್ತಿಬ್ಬರು ಶಿಷ್ಯರಿಗೆ ಒಪ್ಪಿಸಿದರು. ಅಗಲಲಾರದ ಶಿಷ್ಯರು ಮಾಡಿಸಿಕೊಂಡ ಅವರ ಪ್ರತಿಮೆಗೆ ‘ತಮರುಗಂದ ತಿರುಮೇನಿ’ ಎಂದು ಹೆಸರು. ಶ್ರೀಪೆರುಂಬೂದೂರು, ಶ್ರೀರಂಗಗಳ ಮೂರ್ತಿಗಳೊಂದಿಗೆ ಇದನ್ನು ಆಚಾರ್ಯರ ಮೂರು ಮುಖ್ಯ ವಿಗ್ರಹಗಳಲ್ಲಿ ಎಣಿಸುತ್ತಾರೆ.

ಅಂತಃಪುರದ ಗೊಂಬೆ

ಮೂಲಮೂರ್ತಿ ಸಿಕ್ಕರೂ ಉತ್ಸವಮೂರ್ತಿ ಇರಲಿಲ್ಲ. ರಾಮಪ್ರಿಯನೆಂಬ ಆ ಲೋಹದ ಮೂರ್ತಿಯನ್ನು ದಂಡೆತ್ತಿ ಬಂದವರು ದೆಹಲಿಗೆ ಒಯ್ದಿದ್ದಾರೆಂದು ತಿಳಿದು ರಾಮಾನುಜರು ಅಲ್ಲಿಗೇ ಹೋದರು. ಸುಲ್ತಾನ ಕೊಳ್ಳೆಯ ವಿಗ್ರಹಗಳ ರಾಶಿಯನ್ನು ತೋರಿಸಿದ, ರಾಮಪ್ರಿಯ ಅದರಲ್ಲಿರಲಿಲ್ಲ. ಅದು ಸುಲ್ತಾನನ ಮಗಳ ಕೋಣೆಯಲ್ಲಿತ್ತು. ಆಕೆ ಅದನ್ನು ಸಿಂಗರಿಸಿ, ಉಣ್ಣಿಸಿ, ಪಕ್ಕದಲ್ಲಿ ಮಲಗಿಸಿಕೊಂಡು ಆಡುತ್ತಿದ್ದಳು. ರಾಮಾನುಜರು ‘ಚೆಲುವಪಿಳ್ಳೆ’ ಎಂದು ಕರೆದಾಗ ಮೂರ್ತಿ ಗೆಜ್ಜೆ ಕಟ್ಟಿದ ಮಗುವಾಗಿ ನಡೆದು ಬಂದು ಅವರ ತೊಡೆಯೇರಿತು. ಯತಿಯ ಮಗನಂತಾದ ದೇವರಿಗೆ ಅಂದಿನಿಂದ ಸಂಪತ್ಕುಮಾರನೆಂಬ ಹೆಸರೂ ಬಂತು. ಅಗಲಿಕೆ ತಾಳದ ರಾಜಕುಮಾರಿ ಮೂರ್ತಿಯ ಬೆನ್ನಿಗೇ ಮೇಲುಕೋಟೆಗೆ ಬಂದು ಅದರಲ್ಲಿ ಐಕ್ಯಳಾದಳು. ಆಕೆಯೇ ಬೀಬಿ ನಾಚ್ಚಿಯಾರ್. ವರನಂದಿನಿ ಎಂದೂ ಕರೆಯುತ್ತಾರೆ. ಚೆಲುವನಾರಾಯಣನ ಉತ್ಸವಮೂರ್ತಿಯ ಪಾದದ ಬಳಿ ಆಕೆಯ ಪುಟ್ಟ ಮೂರ್ತಿ ಇದೆ. ದೇವರಿಗೆ ಸಲ್ಲುವ ಪೂಜೆಯಲ್ಲಿ ಆಕೆಗೂ ಪಾಲಿದೆ.

ಈ ಕಥೆಯ ಕಾಲ ರಾಮಾನುಜರ ಕಾಲಕ್ಕೆ ಹೊಂದುವುದಿಲ್ಲ. ದೆಹಲಿಯಲ್ಲಿ ಸುಲ್ತಾನರ ಆಳ್ವಿಕೆ ಆರಂಭವಾದದ್ದು 1206ರಲ್ಲಿ, ಸಂಪ್ರದಾಯ ಹೇಳುವ ರಾಮಾನುಜರ ನಿರ್ಯಾಣಕ್ಕೆ ಸುಮಾರು ಎಪ್ಪತ್ತು ವರ್ಷಗಳ ನಂತರ. ದೆಹಲಿಯ ದಂಡು ಹೊಯ್ಸಳ ನಾಡಿಗೆ ಕಾಲಿಟ್ಟದ್ದು ಇನ್ನೂ ಒಂದು ಶತಮಾನ ಕಳೆದ ಮೇಲೆ: 1311ರಲ್ಲಿ ಮಲಿಕ್ ಕಾಫೂರ್ ಹೊಯ್ಸಳರ ರಾಜಧಾನಿ ದ್ವಾರಸಮುದ್ರದ ಮೇಲೆ ಬಿದ್ದ, 1327ರ ಸುಮಾರಿಗೆ ತುಘಲಕರ ಸೈನ್ಯ ಮತ್ತೆ ಬಂತು. ರಾಜಧಾನಿ ಹಾಳಾದ ಮೇಲೆ ಹೊಯ್ಸಳ ಅರಸ ಮೂರನೆಯ ಬಲ್ಲಾಳ ಕೆಲಕಾಲ ತೊಣ್ಣೂರಿನಲ್ಲಿ ನೆಲೆ ನಿಂತಿದ್ದನೆಂಬ ಹೇಳಿಕೆ ಇದೆ. ಮೂರ್ತಿಗಳನ್ನು ಹೂತಿಟ್ಟು, ಹೊತ್ತೊಯ್ದು, ಮರಳಿ ತಂದ ಆ ಶತಮಾನದ ಅನುಭವವೇ ಹಿಂದಿನ ಆಚಾರ್ಯರ ಹೆಸರಿಗೆ ಸೇರಿಕೊಂಡು ಈ ಕಥೆಯಾಗಿದೆ ಎಂಬ ವಿದ್ವಾಂಸರ ಊಹೆಗೆ ಬಲವಿದೆ. ಶ್ರೀರಂಗದ ದೇವರೂ ಹೀಗೆಯೇ ಊರೂರು ಅಲೆದು 1371ರಲ್ಲಿ ಗುಡಿಗೆ ಮರಳಿದ. ಅಲ್ಲಿಯೂ ಸುಲ್ತಾನನ ಮಗಳ ಕಥೆ ಇದೆ. ತುಲುಕ್ಕ ನಾಚ್ಚಿಯಾರ್ ಹೆಸರಿನಲ್ಲಿ ರಂಗನಾಥನಿಗೆ ರೊಟ್ಟಿಯ ನೈವೇದ್ಯವಾಗುತ್ತದೆ. ತಿರುಪತಿಯ ಕಡೆ ಆಕೆ ಬೀಬಿ ನಾಂಚಾರಮ್ಮ.

ಕಾಲ ತಪ್ಪಿದ್ದರೂ ಕಥೆಯ ಆಯ್ಕೆ ಗಮನಾರ್ಹ. ಕೊಳ್ಳೆಯ ನೆನಪನ್ನು ಹಗೆಯ ಕಥೆಯಾಗಿ ಉಳಿಸಿಕೊಳ್ಳಬಹುದಿತ್ತು. ಮೇಲುಕೋಟೆಯ ಪರಂಪರೆ ವೈರಿಯ ಮನೆಯೊಳಗೇ ಒಬ್ಬ ಭಕ್ತೆಯನ್ನು ಕಂಡಿತು. ಮಂತ್ರ ತಿಳಿಯದ ಹುಡುಗಿಯ ಆಟವನ್ನೇ ಪೂಜೆಯೆಂದು ಒಪ್ಪಿ, ಆಕೆಯನ್ನು ದೇವಿಯ ಪಂಕ್ತಿಗೆ ಸೇರಿಸಿತು.

ತಿರುಕುಲದವರ ಮೂರು ದಿನ

ದೆಹಲಿಯಿಂದ ಮರಳುವ ದಾರಿಯಲ್ಲಿ ಕಳ್ಳರು ಮೂರ್ತಿಗಾಗಿ ಅಡ್ಡಗಟ್ಟಿದಾಗ, ಅಂದಿನ ಸಮಾಜ ಅಸ್ಪೃಶ್ಯರೆಂದು ದೂರವಿಟ್ಟಿದ್ದ ಜನ ನೆರವಿಗೆ ಬಂದರು. ಅವರೇ ಕಾವಲು ನಿಂತು ದೇವರನ್ನು ಬೆಟ್ಟಕ್ಕೆ ಸೇರಿಸಿದರು. ರಾಮಾನುಜರು ಅವರಿಗೆ ತಿರುಕುಲದವರೆಂಬ ಹೆಸರು ಕೊಟ್ಟು, ವರ್ಷಕ್ಕೊಮ್ಮೆ ರಥೋತ್ಸವದ ಸಂದರ್ಭದಲ್ಲಿ ಮೂರು ದಿನ ದೇವಾಲಯ ಹೊಕ್ಕು ದರ್ಶನ ಪಡೆಯುವ ಹಕ್ಕು ಗೊತ್ತುಮಾಡಿದರು ಎಂಬುದು ಪರಂಪರೆಯ ಮಾತು.

ಈ ಹಕ್ಕು ಕಥೆಯಲ್ಲಷ್ಟೇ ಇದ್ದದ್ದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರು ಗೆಜೆಟಿಯರ್ ರಚಿಸಿದ ಬಿ.ಎಲ್. ರೈಸ್, ಮೇಲುಕೋಟೆಯಲ್ಲಿ ಹೊಲೆಯ ಮಾದಿಗ ಸಮುದಾಯಗಳಿಗೆ ವರ್ಷದಲ್ಲಿ ಮೂರು ದಿನ ದೇವಾಲಯ ಪ್ರವೇಶವಿರುವುದನ್ನೂ ಅದರ ಹಿಂದಿನ ಕಥೆಯನ್ನೂ ದಾಖಲಿಸಿದ್ದಾರೆ. ಇಂಥದೇ ಹಕ್ಕು ಬೇಲೂರಿನಲ್ಲೂ ಇತ್ತು. ಅಲ್ಲಿನ ಚೆನ್ನಕೇಶವ ರಾತ್ರಿ ಬಾಬಾಬುಡನ್‌ಗಿರಿಗೆ ನಡೆದುಹೋಗುತ್ತಾನೆ, ಆತನ ಮೆಟ್ಟು ಸವೆಯುತ್ತದೆ, ಹೊಸ ಜೋಡು ಹೊಲಿದು ತರುವುದು ಚಮ್ಮಾರರ ಪಾಲಿನ ಸೇವೆ ಎಂಬ ಕಥೆಯನ್ನೂ ರೈಸ್ ಬರೆದಿಟ್ಟಿದ್ದಾರೆ.

ನಾಡಿನ ಬಹುಪಾಲು ದೊಡ್ಡ ಗುಡಿಗಳು ಈ ಸಮುದಾಯಗಳಿಗೆ ಬಾಗಿಲು ಮುಚ್ಚಿದ್ದ ಶತಮಾನಗಳಲ್ಲಿ ಮೂರು ದಿನದ ಹಕ್ಕು ಅಪರೂಪದ್ದು. ಆದರೆ ಅದರ ಇನ್ನೊಂದು ಮುಖವೂ ಅಷ್ಟೇ ಸ್ಪಷ್ಟ. ಮೂರು ದಿನ ತೆರೆದ ಬಾಗಿಲು ವರ್ಷದ ಉಳಿದ ದಿನಗಳಲ್ಲಿ ಮುಚ್ಚಿರುತ್ತಿತ್ತು. ದೇವರನ್ನು ಹೊತ್ತು ತಂದ ಕೈಗಳಿಗೆ ದೇವರನ್ನು ಕಾಣಲು ತಿಥಿ ಗೊತ್ತಾಗಿತ್ತು. ರಾಮಾನುಜರ ಉದಾರತೆಗೆ ಈ ಆಚರಣೆಯನ್ನು ಸಾಕ್ಷಿಯಾಗಿ ಹೇಳುವವರು ಅದರ ಮಿತಿಯನ್ನೂ ಹೇಳಬೇಕಾಗುತ್ತದೆ.

ಅರಸರು, ಕಿರೀಟ, ದೀವಟಿಗೆ

ಹದಿನಾಲ್ಕನೆಯ ಶತಮಾನದ ಹಾವಳಿಯ ನಂತರ ದೇವಾಲಯವನ್ನು ಎತ್ತಿ ನಿಲ್ಲಿಸಿದವನು ನಾಗಮಂಗಲದ ತಿಮ್ಮಣ್ಣ ದಂಡನಾಯಕ. ವಿಜಯನಗರದ ಮಲ್ಲಿಕಾರ್ಜುನನ ಕಾಲದಲ್ಲಿ, ಹದಿನೈದನೆಯ ಶತಮಾನದ ನಡುವೆ, ಅವನ ಮನೆತನದಿಂದ ಇಲ್ಲಿ ಜೀರ್ಣೋದ್ಧಾರ ನಡೆಯಿತು. 1454ರಲ್ಲಿ ಶ್ರೀರಂಗಪಟ್ಟಣದ ಕೋಟೆ ಕಟ್ಟಿಸಿದ ಕೀರ್ತಿಯೂ ನಾಗಮಂಗಲದ ಈ ಪಾಳೆಯಗಾರರಿಗೇ ಸಲ್ಲುತ್ತದೆ.

1610ರಲ್ಲಿ ಶ್ರೀರಂಗಪಟ್ಟಣವನ್ನು ಕೈವಶ ಮಾಡಿಕೊಂಡ ಮೈಸೂರಿನ ಅರಸ ರಾಜ ಒಡೆಯರು ಚೆಲುವನಾರಾಯಣನಿಗೆ ಚಿನ್ನದ ಕಿರೀಟ ಅರ್ಪಿಸಿದರು, ಅದು ರಾಜಮುಡಿ. 1617ರಲ್ಲಿ ಅವರು ಗರ್ಭಗುಡಿ ಹೊಕ್ಕು ದೇವರಲ್ಲಿ ಐಕ್ಯರಾದರೆಂದು ಜನ ನಂಬುತ್ತಾರೆ. ಕೈಮುಗಿದು ನಿಂತ ಅವರ ಕಿರು ಉಬ್ಬುಶಿಲ್ಪ, ಕೆಳಗೆ ಅವರ ಹೆಸರು, ದೇವಾಲಯದ ಕಂಬವೊಂದರಲ್ಲಿ ಇಂದಿಗೂ ಇದೆ. ಮುಮ್ಮಡಿ ಕೃಷ್ಣರಾಜ ಒಡೆಯರು ಕೊಟ್ಟದ್ದು ಕೃಷ್ಣರಾಜಮುಡಿ. ಇವೆರಡಕ್ಕೂ ಮಿಗಿಲು ವೈರಮುಡಿ. ಅದು ಯಾವ ಅರಸನ ಕಾಣಿಕೆಯೂ ಅಲ್ಲ. ಪ್ರಹ್ಲಾದನ ಮಗ ವಿರೋಚನ ಕದ್ದೊಯ್ದ ವಿಷ್ಣುವಿನ ಕಿರೀಟವನ್ನು ಗರುಡ ಪಾತಾಳದಿಂದ ಮರಳಿ ತಂದನೆಂಬುದು ಪುರಾಣ. ಮೂರ್ತಿಯಂತೆ ಕಿರೀಟವೂ ಕಳೆದು ಸಿಕ್ಕಿದ್ದೇ.

ಶ್ರೀರಂಗಪಟ್ಟಣದ ಸುಲ್ತಾನರ ಕಾಲ ಎರಡು ಬಗೆಯ ನೆನಪು ಉಳಿಸಿದೆ. ಟಿಪ್ಪು ಸುಲ್ತಾನ್ ಕೊಟ್ಟನೆನ್ನುವ ಬೆಳ್ಳಿಯ ಸಾಮಗ್ರಿ, ಬೆಟ್ಟದ ಯೋಗನರಸಿಂಹನ ಗುಡಿಯ ನಗಾರಿ ಒಂದು ಬಗೆಯವು. ಅದೇ ಕಾಲದಲ್ಲಿ ತಮ್ಮವರ ಕೊಲೆಯಾಯಿತೆಂದು ನೆನೆದು ನರಕ ಚತುರ್ದಶಿಯಂದು ಹಬ್ಬ ಮಾಡದ ಮಂಡಯಂ ಅಯ್ಯಂಗಾರ್ ಕುಟುಂಬಗಳು ಮೇಲುಕೋಟೆಯಲ್ಲಿವೆ. ಅದು ಇನ್ನೊಂದು ಬಗೆ. ಸಂಜೆ ದೀವಟಿಗೆ ಹಿಡಿದು ನಡೆಸುವ ಸಲಾಂ ಆರತಿಯನ್ನೂ ಆ ಕಾಲಕ್ಕೆ ಜೋಡಿಸುತ್ತಾರೆ. ಈ ಹೆಸರಿನ ಬಗ್ಗೆ ಆಕ್ಷೇಪ ಬಂದು, 2022ರ ಡಿಸೆಂಬರಿನಲ್ಲಿ ಮುಜರಾಯಿ ಇಲಾಖೆ ರಾಜ್ಯದ ದೇವಾಲಯಗಳ ಇಂಥ ಸೇವೆಗಳಲ್ಲಿ ‘ಸಲಾಂ’ ಬದಲು ‘ನಮಸ್ಕಾರ’ ಎಂದು ಬಳಸಲು ತೀರ್ಮಾನಿಸಿತು. ಬದಲಾದದ್ದು ಹೆಸರು, ಆರತಿ ನಿಲ್ಲಲಿಲ್ಲ.

ವೈರಮುಡಿ ವರ್ಷವೆಲ್ಲ ಮಂಡ್ಯದ ಜಿಲ್ಲಾ ಖಜಾನೆಯಲ್ಲಿರುತ್ತದೆ. ಮಾರ್ಚ್ ಏಪ್ರಿಲ್ ಹೊತ್ತಿನ ಬ್ರಹ್ಮೋತ್ಸವದಲ್ಲಿ ಬಿಗಿ ಬಂದೋಬಸ್ತಿನಲ್ಲಿ ಅದನ್ನು ಮೇಲುಕೋಟೆಗೆ ತರುತ್ತಾರೆ. ದಾರಿಯುದ್ದಕ್ಕೂ ಹಳ್ಳಿಗಳವರು ತೋರಣ ಕಟ್ಟಿ, ವಾಹನ ನಿಲ್ಲಿಸಿ ಪೂಜೆ ಸಲ್ಲಿಸುತ್ತಾರೆ. ಅಧಿಕಾರಿಗಳು, ಸ್ಥಾನೀಕರು, ಅರ್ಚಕರ ಎದುರು ಆಭರಣಗಳ ಪಾರ್ಕಾವಣೆ, ಅಂದರೆ ಪರಿಶೀಲನೆ, ನಡೆದ ಮೇಲೆ ರಾತ್ರಿ ಉತ್ಸವಮೂರ್ತಿಗೆ ಕಿರೀಟ ತೊಡಿಸಿ, ಗರುಡವಾಹನದಲ್ಲಿ ಮೆರವಣಿಗೆ ಹೊರಡಿಸುತ್ತಾರೆ. ಕಿರೀಟಕ್ಕೆ ಹಗಲ ಬೆಳಕು ಸೋಕಬಾರದೆಂಬ ಕಟ್ಟಿರುವುದರಿಂದ ಬೆಳಗಾಗುವುದರೊಳಗೆ ಉತ್ಸವ ಮುಗಿಯುತ್ತದೆ. ದರ್ಶನಕ್ಕೆ ಗುಡಿಯೊಳಗೆ ಹೋಗಬೇಕಿಲ್ಲದ ರಾತ್ರಿ ಇದು; ದೇವರೇ ಬೀದಿಗೆ ಬರುತ್ತಾನೆ. ಮಂಡ್ಯ, ಮೈಸೂರು, ಹಾಸನ ಸೀಮೆಯ ರೈತರ ಜೊತೆಗೆ ತಮಿಳುನಾಡಿನ ಭಕ್ತರೂ ಸೇರುವುದು ಇದಕ್ಕಾಗಿಯೇ.

ಹಕ್ಕಿನ ಇಂದಿನ ನೆಲೆ

ಇಪ್ಪತ್ತನೆಯ ಶತಮಾನದಲ್ಲಿ ದೇವಾಲಯ ಪ್ರವೇಶ ಆಚಾರದ ಕೈಯಿಂದ ಕಾನೂನಿನ ಕೈಗೆ ಬಂತು. 1936ರಲ್ಲಿ ತಿರುವಾಂಕೂರಿನ ಅರಸರು ಎಲ್ಲ ಹಿಂದೂಗಳಿಗೂ ದೇವಾಲಯಗಳನ್ನು ತೆರೆದು ಘೋಷಣೆ ಹೊರಡಿಸಿದರು. ಮೈಸೂರು ಸಂಸ್ಥಾನದಲ್ಲಿ 1948ರಲ್ಲಿ ದೇವಾಲಯ ಪ್ರವೇಶದ ಕಾಯಿದೆ ಬಂತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನೇ ರದ್ದು ಮಾಡಿತು. ತಿರುಕುಲದವರ ವಿಶೇಷ ಹಕ್ಕು ಹೀಗೆ ಎಲ್ಲರ ಸಾಮಾನ್ಯ ಹಕ್ಕಿನಲ್ಲಿ ಕರಗಿತು.

ಹುತ್ತದ ಕಥೆ, ಬೀಬಿ ನಾಚ್ಚಿಯಾರಳ ಕಥೆ, ತಿರುಕುಲದ ಕಥೆ ಮೂರೂ ಒಂದೇ ಕಾಲದವಲ್ಲ, ಒಂದೇ ತೂಕದ ಆಧಾರವೂ ಅವಕ್ಕಿಲ್ಲ. ಮೊದಲನೆಯದು ಜನಪದದ ಹಳೆಯ ನಂಬಿಕೆ, ಎರಡನೆಯದು ಹದಿನಾಲ್ಕನೆಯ ಶತಮಾನದ ಗಾಯದ ನೆನಪು, ಮೂರನೆಯದು ದಾಖಲೆಯುಳ್ಳ ಆಚರಣೆ. ಪವಿತ್ರವಾದದ್ದು ಗುಡಿಯ ಹೊರಗೆ ಸಿಕ್ಕಿತೆಂದು ಮೂರೂ ಒಪ್ಪುತ್ತವೆ. ಸಿಕ್ಕಿದ ದೇವರಿಗೆ ಗರ್ಭಗುಡಿ ದೊರೆಯಿತು. ಆತನನ್ನು ಗೊಂಬೆಯಾಗಿ ಜೋಪಾನ ಮಾಡಿದವಳಿಗೆ ಪಾದದ ಬಳಿ ಜಾಗ ದೊರೆಯಿತು. ಹೊತ್ತು ತಂದವರಿಗೆ ಮೂರು ದಿನ ದೊರೆಯಿತು. ಆ ಮೂರು ದಿನವನ್ನು ವರ್ಷವಿಡೀ ಮಾಡಿದ್ದು ಸ್ಥಳಪುರಾಣವಲ್ಲ, 1948ರ ಕಾಯಿದೆ.